ಸೋತವರೂ ಒಪ್ಪುವ ಲೆಕ್ಕ: ಸ್ವೀಡನ್ ಜನ ತಮ್ಮ ಪ್ರಜಾಪ್ರಭುತ್ವವನ್ನು ಎಷ್ಟು ನಂಬುತ್ತಾರೆ, ಯಾಕೆ ನಂಬುತ್ತಾರೆ?

ಸ್ಟಾಕ್‌ಹೋಮ್, ಗೋಥೆನ್‌ಬರ್ಗ್, ಲುಂಡ್ ಊರುಗಳಲ್ಲಿ ಈಗ ಕನ್ನಡದ ಮನೆಗಳಿವೆ. ಟೆಲಿಕಾಂ, ಕಾರು, ಸಾಫ್ಟ್‌ವೇರ್ ಅಂತ ಬೆಂಗಳೂರಿನಿಂದ ಕೆಲಸಕ್ಕೆ ಹೋಗಿ ನೆಲೆ ನಿಂತವರು. ನಾಲ್ಕು ವರ್ಷಕ್ಕೊಮ್ಮೆ, ಬೇಸಿಗೆ ಮುಗಿಯುವ ಹೊತ್ತಿಗೆ, ಇವರ ಮನೆಬಾಗಿಲಿನ ಅಂಚೆ ಸೀಳಿನಿಂದ ಒಂದು ಕಾಗದ ಒಳಗೆ ಬೀಳುತ್ತದೆ. ಅದರ ಮೇಲೆ ಹೆಸರು, ಮತಗಟ್ಟೆ, ಸಮಯ ಎಲ್ಲ ಅಚ್ಚಾಗಿರುತ್ತದೆ. ಅದು ಮತದಾನದ ಕಾರ್ಡ್. ಮೊದಲ ಸಲ ನೋಡಿದವರಿಗೆ ಅಚ್ಚರಿ ಆಗದೇ ಇರದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಇಲ್ಲಿ ವೋಟೇ?

ಹೌದು, ವೋಟು ಉಂಟು. ಸ್ವೀಡನ್‌ನಲ್ಲಿ ಸತತ ಮೂರು ವರ್ಷ ನಿವಾಸಿಯಾಗಿ ನೋಂದಾಯಿತರಾದ ವಿದೇಶಿಯರು ಸ್ಥಳೀಯ ಚುನಾವಣೆಗಳಲ್ಲಿ ಮತ ಹಾಕಬಹುದು. 1976ರಿಂದ ಈ ಹಕ್ಕಿದೆ. 2026ರ ಸೆಪ್ಟೆಂಬರ್ 13ರ ಭಾನುವಾರ ಅಲ್ಲಿನ ಚುನಾವಣೆಯ ದಿನ. ಆ ಕಾರ್ಡ್ ಕೈಗೆ ಬಂದವರಿಗೂ, ಊರಲ್ಲಿ ಕೂತು ಮಗಳ ಜತೆ ವಿಡಿಯೊ ಕಾಲ್‌ನಲ್ಲಿ ಆ ಸುದ್ದಿ ಕೇಳುವ ಅಪ್ಪ ಅಮ್ಮನಿಗೂ ಒಂದು ಪ್ರಶ್ನೆ ಬರುತ್ತದೆ. ಅಲ್ಲಿನ ಜನ ತಮ್ಮ ರಾಜಕೀಯದ ಬಗ್ಗೆ ಏನಂದುಕೊಳ್ಳುತ್ತಾರೆ? ಸ್ವೀಡನ್ ಅಂದರೆ ಎಲ್ಲರೂ ಸರ್ಕಾರವನ್ನು ನಂಬುವ ದೇಶ ಅನ್ನುವ ಮಾತು ನಿಜವೇ? ಅರ್ಧ ನಿಜ. ಉಳಿದರ್ಧದಲ್ಲಿ ತಿಳಿಯಬೇಕಾದ್ದು ಬಹಳ ಇದೆ.

ಮೂರು ಬಣ್ಣದ ಕಾಗದ

ಮೊದಲು ಮತಗಟ್ಟೆಯೊಳಗೆ ಹೋಗಿ ಬರೋಣ.

ಅಲ್ಲಿ ಇವಿಎಂ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಹೆಚ್ಚಾಗಿ ಒಂದು ಶಾಲೆಯ ಹಾಲ್. ಒಂದು ಸ್ಟ್ಯಾಂಡಿನಲ್ಲಿ ಮೂರು ಬಣ್ಣದ ಮತಪತ್ರಗಳನ್ನು ಪಕ್ಷವಾರು ಜೋಡಿಸಿ ಇಟ್ಟಿರುತ್ತಾರೆ. ಹಳದಿ ಕಾಗದ ಸಂಸತ್ತಿಗೆ. ಸಂಸತ್ತನ್ನು ಅಲ್ಲಿ ರಿಕ್ಸ್‌ದಾಗ್ ಅನ್ನುತ್ತಾರೆ, ಒಟ್ಟು 349 ಸೀಟು. ನೀಲಿ ಕಾಗದ ಪ್ರಾದೇಶಿಕ ಸಭೆಗೆ, ಅಂದರೆ ಆಸ್ಪತ್ರೆ ಮತ್ತು ಬಸ್ಸು ನೋಡಿಕೊಳ್ಳುವ ಮಟ್ಟಕ್ಕೆ. ಬಿಳಿ ಕಾಗದ ಕೊಮ್ಯೂನ್‌ಗೆ. ಕೊಮ್ಯೂನ್ ಅಂದರೆ ನಮ್ಮ ಪುರಸಭೆಯಂಥದ್ದು, ಆದರೆ ಕೈಯಲ್ಲಿ ಕೆಲಸ ತುಂಬಾ ಜಾಸ್ತಿ. ಶಾಲೆ, ಶಿಶುವಿಹಾರ, ವಯಸ್ಸಾದವರ ಆರೈಕೆ, ನೀರು, ಬೀದಿಯ ಹಿಮ ತೆಗೆಸುವುದು ಎಲ್ಲ ಅದರದ್ದೇ. ಇಂಥ 290 ಕೊಮ್ಯೂನ್‌ಗಳಿವೆ. ಮೂರೂ ಚುನಾವಣೆ ಒಂದೇ ದಿನ.

ವಿದೇಶಿ ನಿವಾಸಿಗೆ ಹಳದಿ ಕಾಗದದ ಹಕ್ಕಿಲ್ಲ. ನೀಲಿ, ಬಿಳಿ ಎರಡೂ ಉಂಟು. ಮಗು ಶಿಶುವಿಹಾರಕ್ಕೆ ಹೋಗುವ ಮನೆಗೆ ನಿಜಕ್ಕೂ ಹತ್ತಿರದ್ದು ಆ ಬಿಳಿ ಕಾಗದವೇ.

ನಿಮ್ಮ ಪಕ್ಷದ ಕಾಗದ ತೆಗೆದುಕೊಳ್ಳಬೇಕು, ಬೇಕಿದ್ದರೆ ಅದರಲ್ಲಿರುವ ಒಬ್ಬ ಅಭ್ಯರ್ಥಿಯ ಹೆಸರಿಗೆ ಗುರುತು ಹಾಕಬೇಕು, ಲಕೋಟೆಗೆ ಸೇರಿಸಬೇಕು, ಗುರುತಿನ ಚೀಟಿ ತೋರಿಸಬೇಕು. ಮುಗಿಯಿತು. ಬಹಳ ಕಾಲ ಆ ಸ್ಟ್ಯಾಂಡ್ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇರುತ್ತಿತ್ತು. ಯಾರು ಯಾವ ಪಕ್ಷದ ಕಾಗದ ಎತ್ತಿಕೊಂಡರು ಅಂತ ಪಕ್ಕದವರಿಗೆ ಕಾಣಿಸುತ್ತಿತ್ತು. ಅದನ್ನು ಮರೆಮಾಡಲು ನಾಲ್ಕೈದು ಪಕ್ಷದ ಕಾಗದ ಒಟ್ಟಿಗೆ ತೆಗೆದುಕೊಳ್ಳುವವರೂ ಇದ್ದರು. 2019ರಿಂದ ಸ್ಟ್ಯಾಂಡನ್ನು ಮರೆಯಲ್ಲಿ ಇಡಲೇಬೇಕೆಂಬ ನಿಯಮ ಬಂತು.

ಮತದಾನಕ್ಕೆ 18 ದಿನ ಮುಂಚೆಯೇ ಲೈಬ್ರರಿಯಂಥ ಜಾಗಗಳಲ್ಲಿ ವೋಟು ಹಾಕಬಹುದು. ಈಗ ಹತ್ತಿರಹತ್ತಿರ ಅರ್ಧದಷ್ಟು ಜನ ಹೀಗೆ ಮೊದಲೇ ಹಾಕಿಬಿಡುತ್ತಾರೆ. ಮತದಾರರ ಪಟ್ಟಿಗೆ ಅರ್ಜಿ ಹಾಕುವ ತಾಪತ್ರಯವೂ ಇಲ್ಲ. ಜನಸಂಖ್ಯಾ ನೋಂದಣಿಯಲ್ಲಿ ಹೆಸರಿದ್ದರೆ ಪಟ್ಟಿಗೆ ತಾನಾಗಿಯೇ ಬರುತ್ತದೆ. ಸಂಸತ್ ಚುನಾವಣೆಯ ಮತದಾನ 1976ರಲ್ಲಿ ಶೇ. 91.8 ಮುಟ್ಟಿತ್ತು. 2018ರಲ್ಲಿ ಶೇ. 87.2, 2022ರಲ್ಲಿ ಶೇ. 84.2. ಅಲ್ಲಿ ಮತದಾನ ಕಡ್ಡಾಯವಲ್ಲ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ನಂಬಿಕೆ ಅಂದರೆ ಯಾವುದರ ಮೇಲೆ?

ಗೊಂದಲ ಶುರುವಾಗುವುದು ಇಲ್ಲೇ. 'ಪ್ರಜಾಪ್ರಭುತ್ವದ ಮೇಲಿನ ನಂಬಿಕೆ' ಅನ್ನುವುದು ಒಂದೇ ವಸ್ತುವಲ್ಲ. ನಮ್ಮ ಬೀದಿಗಳ ಚೀಟಿ ವ್ಯವಹಾರ ನೆನಪಿಸಿಕೊಂಡರೆ ಇದು ಸುಲಭವಾಗಿ ಹಿಡಿಸುತ್ತದೆ.

ಇಪ್ಪತ್ತು ಜನ ಸೇರಿ ಚೀಟಿ ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ತಿಂಗಳಿಗೆ ತಲಾ ಎರಡು ಸಾವಿರ. ಪ್ರತಿ ತಿಂಗಳು ಹೆಸರು ಎತ್ತುತ್ತಾರೆ, ಯಾರಿಗೆ ಬಂತೋ ಅವರಿಗೆ ಗಂಟು. ಇಲ್ಲಿ ನಾಲ್ಕು ಬೇರೆ ಬೇರೆ ನಂಬಿಕೆಗಳಿವೆ. ಚೀಟಿ ಅನ್ನುವ ಏರ್ಪಾಡೇ ಒಳ್ಳೆಯದು ಅನ್ನುವುದು ಒಂದು. ನಮ್ಮ ಈ ಚೀಟಿ ಸರಿಯಾಗಿ ನಡೆಯುತ್ತಿದೆ ಅನ್ನುವುದು ಇನ್ನೊಂದು. ಚೀಟಿ ನಡೆಸುವವರು ದುಡ್ಡು ತಿನ್ನುವವರಲ್ಲ ಅನ್ನುವುದು ಮೂರನೆಯದು. ಜತೆಗೆ ಹಾಕಿರುವ ಉಳಿದ ಹತ್ತೊಂಬತ್ತು ಜನ ಕಂತು ತಪ್ಪಿಸುವುದಿಲ್ಲ ಅನ್ನುವುದು ನಾಲ್ಕನೆಯದು. ನಡೆಸುವವರ ಮೇಲೆ ಸಿಟ್ಟಿದ್ದೂ ಚೀಟಿ ಬಿಡದೇ ಇರುವವರು ಎಷ್ಟು ಜನ ಇಲ್ಲ?

ಸ್ವೀಡನ್‌ನಲ್ಲೂ ಹೀಗೆಯೇ. ಪ್ರಜಾಪ್ರಭುತ್ವ ಬೇಕೇ ಅಂದರೆ ಬೇಕು ಅನ್ನುವವರು ಬಹುತೇಕ ಎಲ್ಲರೂ. ನಿಮ್ಮ ದೇಶದಲ್ಲಿ ಅದು ನಡೆಯುತ್ತಿರುವ ರೀತಿ ತೃಪ್ತಿ ತಂದಿದೆಯೇ ಅಂದರೆ ಈಚಿನ ವರ್ಷಗಳಲ್ಲಿ ನೂರಕ್ಕೆ ಸುಮಾರು 70ರ ಆಸುಪಾಸು ಜನ ಹೌದು ಅನ್ನುತ್ತಾರೆ. ರಾಜಕೀಯ ಪಕ್ಷಗಳ ಮೇಲೆ ನಂಬಿಕೆ ಇದೆಯೇ ಅಂದರೆ ಆ ಸಂಖ್ಯೆ ಧಡಕ್ಕನೆ ಇಳಿಯುತ್ತದೆ. ಪಕ್ಷಗಳು ಸಾಮಾನ್ಯವಾಗಿ ಪಟ್ಟಿಯ ತಳದಲ್ಲೇ ಇರುತ್ತವೆ. ಪಕ್ಕದ ಮನೆಯವರನ್ನು, ದಾರಿಯಲ್ಲಿ ಸಿಗುವವರನ್ನು ನಂಬಬಹುದೇ ಅಂದರೆ ಮತ್ತೆ ಮೇಲೇರುತ್ತದೆ.

ಅಂದರೆ ಸ್ವೀಡನ್ ಜನ ರಾಜಕಾರಣಿಗಳನ್ನು ಕಣ್ಣುಮುಚ್ಚಿ ನಂಬುವವರಲ್ಲ. ಅವರ ಗಟ್ಟಿ ನಂಬಿಕೆ ಇರುವುದು ಏರ್ಪಾಡಿನ ಮೇಲೆ ಮತ್ತು ಒಬ್ಬರ ಮೇಲೊಬ್ಬರಿಗೆ.

ಮನಸ್ಸನ್ನು ಅಳೆಯುವುದು ಹೇಗೆ?

ಇದೆಲ್ಲ ಗೊತ್ತಾಗುವುದು ಸಮೀಕ್ಷೆಗಳಿಂದ. ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸೋಮ್ ಅನ್ನುವ ಸಂಸ್ಥೆ ಇದೆ. ಸಮಾಜ, ಅಭಿಪ್ರಾಯ, ಮಾಧ್ಯಮ ಅನ್ನುವ ಮೂರು ಸ್ವೀಡಿಷ್ ಪದಗಳ ಮೊದಲ ಅಕ್ಷರ ಸೇರಿ ಆದ ಹೆಸರು. 1986ರಿಂದ ಪ್ರತಿ ವರ್ಷ ಇವರು ಜನಸಂಖ್ಯಾ ನೋಂದಣಿಯಿಂದ ಲಾಟರಿ ಎತ್ತಿದ ಹಾಗೆ ಸಾವಿರಾರು ಹೆಸರು ಆರಿಸಿ ಪ್ರಶ್ನೆಗಳನ್ನು ಕಳಿಸುತ್ತಾರೆ. ಹೀಗೆ ಆರಿಸುವುದಕ್ಕೆ ಒಂದು ಕಾರಣವಿದೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಹಿಚುಕಿದರೆ ಸಾಕು ಅನ್ನುತ್ತೇವೆ. ಆದರೆ ದೊಡ್ಡ ಕೊಳಗದ ತಳದ್ದೂ ಮೇಲಿನದ್ದೂ ಒಂದೇ ಥರ ಬೇಯುವುದಿಲ್ಲ. ಎಲ್ಲ ಕಡೆಯಿಂದಲೂ ನಾಲ್ಕು ಅಗುಳು ತೆಗೆದು ನೋಡಬೇಕು.

ಪ್ರಶ್ನೆ ಸರಳವಾಗಿರುತ್ತದೆ. ಪೊಲೀಸ್, ಆಸ್ಪತ್ರೆ, ಕೋರ್ಟು, ಸಂಸತ್ತು, ಸರ್ಕಾರ, ಪಕ್ಷ, ಬ್ಯಾಂಕು, ರಾಜಮನೆತನ, ದಿನಪತ್ರಿಕೆ ಅಂತ ಸಾಲಾಗಿ ಕೊಟ್ಟು, ಪ್ರತಿಯೊಂದರ ಕೆಲಸದ ಮೇಲೆ ನಿಮಗೆಷ್ಟು ನಂಬಿಕೆ ಅಂತ ಕೇಳುತ್ತಾರೆ. 'ತುಂಬಾ ಜಾಸ್ತಿ'ಯಿಂದ 'ತುಂಬಾ ಕಡಿಮೆ'ವರೆಗೆ ಐದು ಮೆಟ್ಟಿಲು. ನಂಬುವವರ ಪಾಲಿನಿಂದ ನಂಬದವರ ಪಾಲನ್ನು ಕಳೆದರೆ ಒಂದು ಸಂಖ್ಯೆ ಸಿಗುತ್ತದೆ. ಉದಾಹರಣೆಗೆ ನೂರು ಜನರಲ್ಲಿ 50 ಜನ ನಂಬುತ್ತೇವೆ, 20 ಜನ ನಂಬುವುದಿಲ್ಲ, 30 ಜನ ಎರಡೂ ಅಲ್ಲ ಅಂದರೆ ಉತ್ತರ ಪ್ಲಸ್ 30. ನಂಬದವರೇ ಹೆಚ್ಚಾದರೆ ಮೈನಸ್ಸಿಗೆ ಹೋಗುತ್ತದೆ. ಪತ್ರಿಕೆಗಳಲ್ಲಿ 'ಸರ್ಕಾರದ ಮೇಲಿನ ನಂಬಿಕೆ ಮೈನಸ್' ಅಂತ ಓದಿದರೆ ಯಾರೂ ನಂಬುವುದಿಲ್ಲ ಅಂತ ಅರ್ಥವಲ್ಲ.

ಜನ ಒಬ್ಬರನ್ನೊಬ್ಬರು ನಂಬುತ್ತಾರಾ ಅನ್ನುವುದಕ್ಕೆ 0ಯಿಂದ 10ರ ಅಳತೆ. ಅರ್ಧಕ್ಕಿಂತ ಜಾಸ್ತಿ ಜನ 7 ಅಥವಾ ಅದಕ್ಕೂ ಮೇಲಿನ ಅಂಕಿ ಆರಿಸುತ್ತಾರೆ.

ಈ ಸಮೀಕ್ಷೆಗೂ ಒಂದು ಕೊರತೆ ಇದೆ. 1980ರ ದಶಕಕ್ಕೆ ಹೋಲಿಸಿದರೆ ಉತ್ತರ ಕಳಿಸುವವರು ಕಡಿಮೆಯಾಗಿ, ಈಗ ಸುಮಾರು ಅರ್ಧದಷ್ಟು ಜನ ಮಾತ್ರ ತುಂಬಿ ಕಳಿಸುತ್ತಾರೆ. ಯಾರನ್ನೂ ನಂಬದವನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯನ್ನು ಮಾತ್ರ ನಂಬಿ ಉತ್ತರಿಸುತ್ತಾನೆಯೇ? ಅಂಕಿ ಓದುವಾಗ ಇದು ತಲೆಯಲ್ಲಿರಲಿ.

ಇಷ್ಟು ನಂಬಿಕೆ ಎಲ್ಲಿಂದ ಬಂತು?

ನನಗೆ ಮುಖ್ಯ ಅನ್ನಿಸುವ ಕಾರಣ ಒಂದಿದೆ. ಅಲ್ಲಿ ನಂಬುವ ಮೊದಲು ಪರೀಕ್ಷಿಸಿ ನೋಡಬಹುದು.

1766ರಲ್ಲೇ ಸ್ವೀಡನ್ ಪತ್ರಿಕಾ ಸ್ವಾತಂತ್ರ್ಯದ ಕಾನೂನು ಮಾಡಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಸರ್ಕಾರಿ ಕಡತಗಳನ್ನು ಸಾಮಾನ್ಯ ಪ್ರಜೆ ಕೇಳಿ ನೋಡಬಹುದು ಅನ್ನುವ ಹಕ್ಕೂ ಅದರಲ್ಲೇ ಇತ್ತು. ನಮ್ಮ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಅಲ್ಲಿ ಯಾರೇ ಆದರೂ ತೆರಿಗೆ ಇಲಾಖೆಗೆ ಫೋನ್ ಮಾಡಿ ಇನ್ನೊಬ್ಬರ ಘೋಷಿತ ಆದಾಯ ಎಷ್ಟು ಅಂತ ಕೇಳಬಹುದು. ಬೆಂಗಳೂರಿನಿಂದ ಹೋದವರಿಗೆ ಇದು ಮೊದಲು ಮುಜುಗರ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

1995ರ ಒಂದು ಘಟನೆ ಸ್ವೀಡನ್‌ನಲ್ಲಿ ಎಲ್ಲರಿಗೂ ಗೊತ್ತು. ಉಪಪ್ರಧಾನಿ ಮೋನಾ ಸಾಲೀನ್ ಮುಂದಿನ ಪ್ರಧಾನಿ ಆಗುವುದು ಬಹುತೇಕ ಖಚಿತವಾಗಿತ್ತು. ಅಷ್ಟರಲ್ಲಿ ಅವರು ಸರ್ಕಾರಿ ಕಾರ್ಡಿನಲ್ಲಿ ಸ್ವಂತ ಖರೀದಿ ಮಾಡಿದ್ದು ಪತ್ರಿಕೆಯಲ್ಲಿ ಬಂತು. ಖರೀದಿಯ ಪಟ್ಟಿಯಲ್ಲಿ ಟೋಬ್ಲೆರೋನ್ ಚಾಕೊಲೇಟ್ ಕೂಡ ಇತ್ತು. ಹಣವನ್ನು ಅವರು ತೀರಿಸಿದ್ದರು. ಆದರೂ ಅವರು ಆ ಸ್ಪರ್ಧೆಯಿಂದ ಹಿಂದೆ ಸರಿದರು. ಆದರೂ ಅವರು ಆ ಸ್ಪರ್ಧೆಯಿಂದ ಹಿಂದೆ ಸರಿದರು. ಅವರು ಪಕ್ಷದ ನಾಯಕಿಯಾದದ್ದು 2007ರಲ್ಲಿ. ಮೊತ್ತ ದೊಡ್ಡದಿರಲಿಲ್ಲ. ಮಂತ್ರಿಯ ಕಾರ್ಡಿನ ಲೆಕ್ಕವನ್ನೂ ಹೊರಗಿನವರು ತೆಗೆದು ನೋಡಬಹುದು ಅನ್ನುವುದು ಜನರ ಮನಸ್ಸಲ್ಲಿ ಉಳಿಯಿತು.

ಎರಡನೆಯದು ತೆರಿಗೆ. ಸಂಬಳದಲ್ಲಿ ಸ್ಥಳೀಯ ತೆರಿಗೆಯೇ ಸರಾಸರಿ ನೂರಕ್ಕೆ 32ರಷ್ಟು ಹೋಗುತ್ತದೆ. ಆದರೆ ಅದು ಮಗುವಿನ ಶಾಲೆಯಾಗಿ, ಆಸ್ಪತ್ರೆಯಾಗಿ ಕಣ್ಣೆದುರು ವಾಪಸ್ ಬರುತ್ತದೆ. ತೆರಿಗೆ ಇಲಾಖೆಯವರೇ ಲೆಕ್ಕ ತುಂಬಿ ಕಳಿಸುತ್ತಾರೆ, ಸರಿ ಇದ್ದರೆ ಫೋನಿನಲ್ಲೇ ಒಪ್ಪಿಗೆ ಕೊಟ್ಟರಾಯಿತು.

ಮೂರನೆಯದು ಪಕ್ಷಗಳು ಜನರ ಹತ್ತಿರ ಇರುವುದು. ಚುನಾವಣೆ ಬಂತೆಂದರೆ ಊರ ಚೌಕಗಳಲ್ಲಿ ಪಕ್ಷಗಳು ಪುಟ್ಟ ಮರದ ಗುಡಿಸಲು ಹಾಕುತ್ತವೆ, ನಮ್ಮ ಗೂಡಂಗಡಿಗಳಷ್ಟೇ ಇರುತ್ತವೆ. ಒಂದು ಪಕ್ಷದ ಗುಡಿಸಲಿಗೆ ತಾಗಿದ ಹಾಗೆ ಅದರ ಎದುರಾಳಿಯದ್ದು. ಕಾಫಿ ಕೊಡುತ್ತಾರೆ, ಕರಪತ್ರ ಕೊಡುತ್ತಾರೆ. ಶಾಲೆಯ ಹುಡುಗರು ಎಲ್ಲ ಗುಡಿಸಲಿಗೂ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಗೋಟ್ಲಾಂಡ್ ದ್ವೀಪದ ವಿಸ್ಬಿ ಪಟ್ಟಣದಲ್ಲಿ ಆಲ್ಮೆಡಾಲೆನ್ ವಾರ ಅಂತ ನಡೆಯುತ್ತದೆ. 1968ರಲ್ಲಿ, ಮುಂದೆ ಪ್ರಧಾನಿಯಾದ ಊಲೋಫ್ ಪಾಲ್ಮೆ ಅಲ್ಲಿ ಮಾಡಿದ ಭಾಷಣದಿಂದ ಶುರುವಾದದ್ದು. ಎಲ್ಲ ಪಕ್ಷದ ನಾಯಕರೂ ಒಂದೇ ಪಾರ್ಕಿಗೆ ಬಂದು ಮಾತಾಡುತ್ತಾರೆ.

ಎಲ್ಲರ ಪಾಲಿಗೂ ಒಂದೇ ಅಲ್ಲ

ಸರಾಸರಿ ಅನ್ನುವುದು ಬಹಳ ಸಂಗತಿ ಮುಚ್ಚಿಡುತ್ತದೆ. ಕೆಲಸ ಇಲ್ಲದವರು, ಆರೋಗ್ಯ ಕೆಟ್ಟವರು, ಕಡಿಮೆ ಓದಿದವರಲ್ಲಿ ನಂಬಿಕೆ ಕಡಿಮೆ. ದೊಡ್ಡ ಊರುಗಳ ಅಂಚಿನ ವಲಸಿಗರ ಬಡಾವಣೆಗಳಲ್ಲಿ ಮತದಾನ ಉಳಿದ ಕಡೆಗಿಂತ ತುಂಬಾ ಕೆಳಗೆ. ವಿದೇಶಿ ಪೌರರಿಗೆ ಹಕ್ಕು ಸಿಕ್ಕ ಮೊದಲ ವರ್ಷ, 1976ರಲ್ಲಿ, ಅವರಲ್ಲಿ ಸುಮಾರು ನೂರಕ್ಕೆ 60 ಜನ ಮತ ಹಾಕಿದ್ದರು. ಆಮೇಲಿನ ಚುನಾವಣೆಗಳಲ್ಲಿ ಅದು 40ಕ್ಕಿಂತ ಕೆಳಗಿಳಿದಿದೆ. ಬಾಗಿಲಿನೊಳಗೆ ಬಿದ್ದ ಆ ಕಾರ್ಡನ್ನು ಹೆಚ್ಚಿನವರು ಸುಮ್ನೆ ಬದಿಗಿಡುತ್ತಾರೆ. ನಮ್ಮವರೂ ಇಡುತ್ತಾರೆ. ಇದು ನನಗೆ ಬೇಸರ ತರುವ ಸಂಗತಿ. ಮಗುವಿನ ಶಾಲೆಯ ಬಗ್ಗೆ ತೀರ್ಮಾನ ಮಾಡುವ ಸಭೆಗೆ ಯಾರು ಹೋಗಬೇಕು ಅನ್ನುವ ಮಾತು ಅದು.

ನಂಬಿಕೆ ಯಾವಾಗಲೂ ಹೀಗೇ ಇತ್ತು ಅಂತಲೂ ಇಲ್ಲ. 'ಪಕ್ಷಗಳಿಗೆ ನಮ್ಮ ವೋಟು ಬೇಕು, ನಮ್ಮ ಮಾತು ಬೇಡ' ಅನ್ನುವ ಅರ್ಥದ ಹೇಳಿಕೆಯೊಂದನ್ನು ಚುನಾವಣಾ ಅಧ್ಯಯನದವರು ದಶಕಗಳಿಂದ ಜನರ ಮುಂದಿಡುತ್ತಿದ್ದಾರೆ. 1968ರಲ್ಲಿ ಒಪ್ಪಿದವರು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. 1998ರ ಹೊತ್ತಿಗೆ ನಾಲ್ವರಲ್ಲಿ ಮೂವರು. ನಡುವೆ 1990ರ ದಶಕದ ಆರಂಭದಲ್ಲಿ ಬ್ಯಾಂಕುಗಳು ಮುಗ್ಗರಿಸಿದ್ದವು, ನಿರುದ್ಯೋಗ ಏರಿತ್ತು, ಸರ್ಕಾರ ಸವಲತ್ತುಗಳಿಗೆ ಕತ್ತರಿ ಹಾಕಿತ್ತು. ಆಮೇಲೆ ನಂಬಿಕೆ ಮತ್ತೆ ಚೇತರಿಸಿಕೊಂಡಿತು.

ಇನ್ನೊಂದು ಗೆರೆ ಎಳೆದದ್ದು ವಲಸೆ. 2015ರ ಒಂದೇ ವರ್ಷದಲ್ಲಿ ಸುಮಾರು 1,63,000 ಜನ ಸ್ವೀಡನ್‌ನಲ್ಲಿ ಆಶ್ರಯ ಕೇಳಿದರು. ಒಂದು ಕೋಟಿಯಷ್ಟು ಜನಸಂಖ್ಯೆಯ ದೇಶಕ್ಕೆ ಅದು ಬಹಳ ದೊಡ್ಡ ಸಂಖ್ಯೆ. ವಲಸೆಯನ್ನು ವಿರೋಧಿಸುವ ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷ 2010ರಲ್ಲಿ ಶೇ. 5.7 ಮತ ಪಡೆದು ಮೊದಲ ಸಲ ಸಂಸತ್ತಿಗೆ ಬಂದಿತ್ತು. 2022ರಲ್ಲಿ ಶೇ. 20.5 ಪಡೆದು ಎರಡನೇ ದೊಡ್ಡ ಪಕ್ಷವಾಯಿತು. ಈ ಪಕ್ಷದ ಬೆಂಬಲಿಗರಲ್ಲಿ ಸಂಸತ್ತು, ಸರ್ಕಾರ, ಮಾಧ್ಯಮಗಳ ಮೇಲಿನ ನಂಬಿಕೆ ಬಹಳ ವರ್ಷ ಉಳಿದವರಿಗಿಂತ ಕಡಿಮೆ ಇತ್ತು. ಈಗ ಜನ ಮುಖ್ಯ ಅನ್ನುವ ವಿಷಯಗಳಲ್ಲಿ ಅಪರಾಧ ಮತ್ತು ಗುಂಡಿನ ದಾಳಿಗಳು ಮುಂದಿವೆ. ಆರೋಗ್ಯ ಸೇವೆ ಮತ್ತು ಶಾಲೆ ಎಂದೂ ಪಟ್ಟಿ ಬಿಟ್ಟು ಹೋಗುವುದಿಲ್ಲ.

ಜನ ಬೇಡ ಅಂದರೂ ಆದದ್ದು, ಬೇಡ ಅಂದಿದ್ದಕ್ಕೆ ಆಗದ್ದು

ಸ್ವೀಡನ್‌ನಲ್ಲಿ ಈವರೆಗೆ ದೇಶಮಟ್ಟದ ಜನಮತ ಸಂಗ್ರಹ ನಡೆದದ್ದು ಆರೇ ಸಲ. ಜನಮತ ಸಂಗ್ರಹ ಅಂದರೆ ಒಂದೇ ವಿಷಯಕ್ಕೆ ಇಡೀ ದೇಶದ ವೋಟು. ಆರೂ ಬರೀ ಸಲಹೆಯ ರೂಪದವು. ಸಂಸತ್ತು ಅದರಂತೆಯೇ ನಡೆಯಬೇಕೆಂಬ ಕಟ್ಟಳೆ ಇರಲಿಲ್ಲ.

1955ರಲ್ಲಿ ಕೇಳಿದ್ದು: ನಮ್ಮ ದೇಶದ ಹಾಗೆ ಎಡಗಡೆ ಓಡುತ್ತಿದ್ದ ವಾಹನಗಳನ್ನು ಬಲಗಡೆಗೆ ತರೋಣವೇ? ನೂರಕ್ಕೆ 83 ಜನ ಬೇಡ ಅಂದರು. ಹಾಗಿದ್ದೂ 1963ರಲ್ಲಿ ಸಂಸತ್ತು ಬದಲಾವಣೆಗೆ ಒಪ್ಪಿತು. ನೆರೆದೇಶಗಳಲ್ಲೆಲ್ಲ ಬಲಗಡೆ ಓಡಿಸುತ್ತಿದ್ದರು, ರಸ್ತೆಯಲ್ಲಿ ಕಾರು ಹೆಚ್ಚಾಗಿದ್ದವು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಐದು ಗಂಟೆಗೆ ಇಡೀ ದೇಶ ಬಲಗಡೆಗೆ ಹೊರಳಿತು.

2003ರಲ್ಲಿ ಯೂರೋ ನಾಣ್ಯ ಬೇಕೇ ಅಂತ ಕೇಳಿದರು. ಯೂರೋ ಪರ ಓಡಾಡುತ್ತಿದ್ದ ವಿದೇಶಾಂಗ ಸಚಿವೆ ಅನ್ನಾ ಲಿಂಡ್ ಅವರಿಗೆ ಮತದಾನಕ್ಕೆ ನಾಲ್ಕು ದಿನ ಇರುವಾಗ ಸ್ಟಾಕ್‌ಹೋಮ್‌ನ ಒಂದು ಅಂಗಡಿಯಲ್ಲಿ ಚಾಕು ಇರಿತವಾಗಿ, ಮರುದಿನ ಅವರು ತೀರಿಕೊಂಡರು. ದುಃಖದಲ್ಲೇ ಮತದಾನ ನಡೆಯಿತು. ನೂರಕ್ಕೆ 56 ಜನ ಬೇಡ ಅಂದರು. ದೊಡ್ಡ ಪಕ್ಷಗಳ ನಾಯಕರು ಬೇಕು ಅಂದಿದ್ದರು. ಆದರೂ ಜನರ ಮಾತೇ ನಿಂತಿತು, ಇವತ್ತಿಗೂ ಅಲ್ಲಿ ಕ್ರೋನಾ ನಾಣ್ಯ.

ನೇಟೋ ವಿಷಯದಲ್ಲಿ ಜನಮತ ಸಂಗ್ರಹವೇ ನಡೆಯಲಿಲ್ಲ. ನೇಟೋ ಅಂದರೆ ಒಬ್ಬರ ಮೇಲೆ ದಾಳಿಯಾದರೆ ಎಲ್ಲರೂ ಸೇರಿ ಎದುರಿಸುವ ಸೇನಾ ಒಕ್ಕೂಟ. 1814ರ ನಂತರ ಯುದ್ಧ ಮಾಡದ ಸ್ವೀಡನ್‌ಗೆ ಯಾವ ಕೂಟದಲ್ಲೂ ಸೇರದಿರುವುದೇ ಹೆಮ್ಮೆಯಾಗಿತ್ತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನೊಳಗೆ ನುಗ್ಗಿದ ಮೇಲೆ ಕೆಲವೇ ವಾರಗಳಲ್ಲಿ ಸೇರಬೇಕೆನ್ನುವವರು ಹೆಚ್ಚಾದರು. ಮೇ ತಿಂಗಳಲ್ಲಿ ಅರ್ಜಿ ಹೋಯಿತು. 2024ರ ಮಾರ್ಚ್ 7ರಂದು ಸದಸ್ಯತ್ವ ಸಿಕ್ಕಿತು. ಇಷ್ಟು ದೊಡ್ಡ ತೀರ್ಮಾನವನ್ನು ಜನರನ್ನು ಕೇಳದೆ ಮಾಡಬಹುದಿತ್ತೇ ಅನ್ನುವ ಚರ್ಚೆ ಅಲ್ಲಿ ಆಯಿತು.

ಚೀಟಿ ಎತ್ತಿದ ಸಂಸತ್ತು

ಏರ್ಪಾಡಿನ ಮೇಲೆ ನಂಬಿಕೆ ಇದೆಯೋ ಇಲ್ಲವೋ ಅಂತ ತಿಳಿಯಲು ಗೆದ್ದವರನ್ನು ಕೇಳಿ ಪ್ರಯೋಜನವಿಲ್ಲ. ಗಂಟು ಬಂದವನು ಚೀಟಿ ಚೆನ್ನಾಗಿದೆ ಅಂತಲೇ ಹೇಳುತ್ತಾನೆ. ಸಮೀಕ್ಷೆಗಳಲ್ಲೂ ತಮ್ಮ ಪಕ್ಷ ಅಧಿಕಾರದಲ್ಲಿದ್ದಾಗ ಜನರ ತೃಪ್ತಿ ಏರುತ್ತದೆ, ಇಳಿದಾಗ ಇಳಿಯುತ್ತದೆ. ನೋಡಬೇಕಾದ್ದು ಸೋತವರು ಮುಂದಿನ ತಿಂಗಳ ಕಂತು ಕಟ್ಟುತ್ತಾರಾ ಅನ್ನುವುದನ್ನು.

1973ರಲ್ಲಿ ಸಂಸತ್ತಿನಲ್ಲಿ 350 ಸೀಟು. ಚುನಾವಣೆಯಲ್ಲಿ ಎಡ, ಬಲ ಎರಡೂ ಬಣಕ್ಕೆ ಸರಿಯಾಗಿ 175–175 ಬಂತು. ಪಾಲ್ಮೆ ಸರ್ಕಾರ ಮುಂದುವರಿಯಿತು. ಮೂರು ವರ್ಷ ಯಾವುದೇ ಮಸೂದೆಗೆ ಮತ ಸಮ ಬಿದ್ದಾಗ ನಿಜವಾಗಿಯೂ ಚೀಟಿ ಎತ್ತಿ ತೀರ್ಮಾನ ಮಾಡಿದರು, ಅದೂ ನೂರಕ್ಕೂ ಹೆಚ್ಚು ಸಲ. ಜನ ಅದನ್ನು ಲಾಟರಿ ಸಂಸತ್ತು ಅಂತ ಕರೆದರು. ಚೀಟಿಯಲ್ಲಿ ಬಂದ ಫಲವನ್ನು ಎರಡೂ ಕಡೆಯವರು ಒಪ್ಪಿಕೊಂಡರು. ಮತ್ತೆ ಹಾಗಾಗದಿರಲಿ ಅಂತ 1976ರಿಂದ ಒಂದು ಸೀಟು ಕಡಿಮೆ ಮಾಡಿದರು. 349 ಅನ್ನುವ ಆ ಬೆಸ ಸಂಖ್ಯೆ ಬಂದದ್ದು ಹಾಗೆ.

2022ರ ಸೆಪ್ಟೆಂಬರ್ 11ರ ರಾತ್ರಿ ಎಂಟಕ್ಕೆ ಮತಗಟ್ಟೆಗಳು ಮುಚ್ಚಿದವು. ಮೇಜಿನ ಮೇಲೆ ಕಾಗದ ಸುರಿದು, ಆ ದಿನದ ಸಿಬ್ಬಂದಿಯೇ ಕೈಯಿಂದ ಎಣಿಸಲು ಶುರುಮಾಡಿದರು. ಯಾರು ಬೇಕಾದರೂ ಅಲ್ಲಿ ನಿಂತು ಎಣಿಕೆ ನೋಡಬಹುದು. ಮತದಾನ ಮುಗಿದ ಕೂಡಲೇ ಬಂದ ಟಿವಿ ಸಮೀಕ್ಷೆ ಪ್ರಧಾನಿ ಮಗ್ದಲೇನಾ ಆಂಡರ್ಸನ್ ಅವರ ಬಣ ಕೂದಲೆಳೆಯಷ್ಟು ಮುಂದಿದೆ ಅಂದಿತ್ತು. ರಾತ್ರಿ ಕಳೆಯುವಷ್ಟರಲ್ಲಿ ಲೆಕ್ಕ ತಿರುಗಿತು. ಅಂತರ ಎಷ್ಟು ಸಣ್ಣದೆಂದರೆ ಯಾರು ಗೆದ್ದರು ಅಂತ ಅವತ್ತು ಹೇಳಲಾಗಲಿಲ್ಲ. ವಿದೇಶದಿಂದ ಬಂದ ಮತಗಳನ್ನೂ, ಮೊದಲೇ ಹಾಕಿ ತಡವಾಗಿ ತಲುಪಿದ ಮತಗಳನ್ನೂ ಬುಧವಾರ ಎಣಿಸುವುದು ಅಲ್ಲಿನ ಪದ್ಧತಿ. ದೇಶ ಮೂರು ದಿನ ಕಾಯಿತು.

ಬುಧವಾರ ಸಂಜೆ ಲೆಕ್ಕ 176–173 ಅಂತ ನಿಂತಿತು. ಆಂಡರ್ಸನ್ ಅವರ ಪಕ್ಷ ಶೇ. 30ಕ್ಕೂ ಹೆಚ್ಚು ಮತ ಪಡೆದು ದೇಶದಲ್ಲೇ ದೊಡ್ಡದಾಗಿತ್ತು, ಹಿಂದಿನ ಸಲಕ್ಕಿಂತ ಜಾಸ್ತಿ ಮತವೂ ಬಂದಿತ್ತು. ಆದರೆ ಎದುರು ಬಣಕ್ಕೆ ಮೂರು ಸೀಟು ಹೆಚ್ಚು. ಅಂತಿಮ ಫಲಿತಾಂಶ ಘೋಷಣೆಯಾಗುವ ಮೊದಲೇ ಅವರು ಪತ್ರಕರ್ತರ ಮುಂದೆ ಬಂದು ಸೋಲು ಒಪ್ಪಿಕೊಂಡರು. ಮರುದಿನ ಬೆಳಗ್ಗೆ ರಾಜೀನಾಮೆ ಕೊಟ್ಟರು.